ಸಿಗದ ಒಂದು ಚೂರು

"ಅಪ್ಪಾ, ಹಸಿರು ಬಕೆಟ್ ಎಲ್ಲಿ?"

ಅಪ್ಪ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದ. ಬಾಯಿ ತೆರೆದರೆ ಸೋಪಿನ ನೊರೆ ಒಳಗೆ ಹೋದೀತೆಂದು ಬಾಗಿಲಿನ ಕಡೆ ಬೆರಳು ತೋರಿಸಿದ. ಬಕೆಟ್ ಹೊರಗಡೆ ಮೆಟ್ಟಿಲ ಮೇಲೆ ಬೋರಲಾಗಿ ಕೂತಿತ್ತು. ಒಳಗೆ ಏನೂ ಇರಲಿಲ್ಲ.

"ಕಸದ ಗಾಡಿ ಇವತ್ತು ಬೇಗ ಬಂತು, ನಾನೇ ಕೊಟ್ಬಿಟ್ಟೆ," ಎಂದ ಅಪ್ಪ ಮುಖ ತೊಳೆದುಕೊಂಡು. "ಯಾಕೆ ಇನ್‌ಸ್ಪೆಕ್ಟ್ರೇ, ಚೆಕಿಂಗ್ ಬಾಕಿ ಇತ್ತಾ?"

ಇನ್‌ಸ್ಪೆಕ್ಟರ್ ಎಂಬುದು ಮನೆಯಲ್ಲಿ ಮಗಳಿಗಿಟ್ಟ ಅಡ್ಡಹೆಸರು. ಶಾಲೆಯಲ್ಲಿ ಕಸದ ಪ್ರಾಜೆಕ್ಟ್ ಮಾಡಿದಾಗಿನಿಂದ ಅವಳು ಮನೆಮಂದಿಯ ಪ್ರಾಣ ಹಿಂಡುತ್ತಿದ್ದಳು. ತರಕಾರಿ ಸಿಪ್ಪೆ ಹಸಿರು ಬಕೆಟ್ಟಿಗೆ. ಕಾಗದ, ಡಬ್ಬಿ ನೀಲಿ ಚೀಲಕ್ಕೆ. ತಮ್ಮನ ಡೈಪರ್ ಕೆಂಪು ಬುಟ್ಟಿಗೆ. ಒಡೆದ ಗಾಜೇನಾದರೂ ಇದ್ದರೆ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಿಂದ ಗುರುತು ಹಾಕಿ, ಅದೂ ಕೆಂಪು ಬುಟ್ಟಿಗೇ. ಅಪ್ಪ ಒಮ್ಮೆ ಹಳೇ ಬ್ಲೇಡನ್ನು ಹಾಗೇ ಎಸೆದಿದ್ದಕ್ಕೆ ಅವನಿಂದ ಹತ್ತು ಬಸ್ಕಿ ಹೊಡೆಸಿದ್ದಳು.

ಅಂಥ ಇನ್‌ಸ್ಪೆಕ್ಟರ್ ಕೈಯಿಂದಲೇ ನಿನ್ನೆ ಸಂಜೆ ಅಮ್ಮನ ಗಾಜಿನ ಜಗ್ ಜಾರಿತ್ತು.

ಅದು ನೀಲಿ ಅಂಚಿನ ಜಗ್. ನೆಂಟರು ಬಂದಾಗ ಮಾತ್ರ ಬೀರುವಿನಿಂದ ಕೆಳಗಿಳಿಯುತ್ತಿತ್ತು. ಅಮ್ಮ ತಮ್ಮನಿಗೆ ಇಂಜೆಕ್ಷನ್ ಹಾಕಿಸಲು ಹೋಗಿದ್ದಳು. ಇವಳಿಗೆ ಪೇಂಟಿಂಗಿಗೆ ನೀರು ಬೇಕಿತ್ತು, ಅಷ್ಟೇ. ಒಂದು ಲೋಟ ಸಾಕಾಗಿತ್ತು. ಆದರೆ ಗಾಜಿನೊಳಗೆ ಬಣ್ಣ ಕರಗುವುದು ನೋಡಲು ಚೆಂದ ಎಂದು ಬುದ್ಧಿ ಅತ್ತ ಹೋಯಿತು. ಒದ್ದೆ ಕೈ, ನುಣುಪು ಗಾಜು. ಜಗ್ ಅಡುಗೆಮನೆಯ ನೆಲದ ಮೇಲೆ ಚೂರುಚೂರಾಯಿತು.

ಅಷ್ಟರಲ್ಲಿ ಗೇಟಿನ ಸದ್ದು. ಕೆಂಪು ಬುಟ್ಟಿಗೆ ಹಾಕಿದರೆ ಡೈಪರ್ ಎಸೆಯುವಾಗ ಅಮ್ಮ ನೋಡುತ್ತಾಳೆ. ನೀಲಿ ಚೀಲವನ್ನಂತೂ ಖಾಲಿ ಡಬ್ಬಿಗಾಗಿ ದಿನಾ ಕೆದಕುತ್ತಾಳೆ. ಹಸಿರು ಬಕೆಟ್ಟಿನೊಳಗೆ ಮಾತ್ರ ಯಾರೂ ಇಣುಕುವುದಿಲ್ಲ, ಅಷ್ಟು ವಾಸನೆ. ಇವಳು ಚೂರುಗಳನ್ನೆಲ್ಲ ಗುಡಿಸಿ ಅದರೊಳಗೆ ಸುರಿದು, ಮೇಲೆ ಕುಂಬಳದ ಸಿಪ್ಪೆ ಮುಚ್ಚಿದಳು. ಪೇಪರಿಲ್ಲ, ಗುರುತಿಲ್ಲ.

ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಅವಳಿಗೆ ಗಾಡಿಯಕ್ಕನ ಕೈ ನೆನಪಾಗಿತ್ತು.

ಕಸದ ಗಾಡಿ ತರುವ ಗಾಡಿಯಕ್ಕ ಹಸಿ ಕಸವನ್ನೆಲ್ಲ ಬೀದಿಯ ಕೊನೆಯ ಗೊಬ್ಬರದ ಶೆಡ್ಡಿಗೆ ಒಯ್ಯುತ್ತಾಳೆ. ಅಲ್ಲಿ ಹರವಿಕೊಂಡು, ನಡುವೆ ಪ್ಲಾಸ್ಟಿಕ್ ಇದೆಯಾ ಎಂದು ಬರಿಗೈಯಲ್ಲಿ ಜಾಲಾಡುತ್ತಾಳೆ. ಅವಳಿಗೆ ಕೊಟ್ಟಿದ್ದ ಗ್ಲೌಸ್ ಯಾರೋ ದೊಡ್ಡ ಗಂಡಸಿನ ಅಳತೆಯದು, ಹಾಕಿಕೊಂಡರೆ ಬೆರಳೇ ಆಡುವುದಿಲ್ಲ. "ನನ್ನ ಕಣ್ಣಿರೋದೇ ಬೆರಳಲ್ಲಿ," ಎಂದು ಪ್ರಾಜೆಕ್ಟಿನ ದಿನ ಅವಳು ನಕ್ಕಿದ್ದಳು. ಆ ಮಾತನ್ನು ಇನ್‌ಸ್ಪೆಕ್ಟರ್ ಚಾರ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಮಿಸ್ಸು ಅದಕ್ಕೆ ಸ್ಟಾರ್ ಕೊಟ್ಟಿದ್ದರು.

ಈಗ ಬಕೆಟ್ ಖಾಲಿ. ತಿಂಡಿಯನ್ನು ತಟ್ಟೆಯಲ್ಲೇ ಬಿಟ್ಟಳು. ಬ್ಯಾಗ್ ಹೆಗಲಿಗೇರಿಸಿ, ಶಾಲೆಗೆ ಹೊತ್ತಾಯಿತು ಎಂದು ಹೊರಬಿದ್ದಳು. ಶಾಲೆ ಇದ್ದದ್ದು ಬಲಕ್ಕೆ. ಅವಳು ಎಡಕ್ಕೆ ಓಡಿದಳು.

ದಾರಿಯುದ್ದಕ್ಕೂ ರಕ್ತ ಸುರಿಯುವ ಒಂದು ಕೈಯೇ ಕಣ್ಣಿಗೆ ಕಟ್ಟುತ್ತಿತ್ತು. ನಡುವೆ ಒಮ್ಮೆ ಕಾಲು ತಾನಾಗಿ ನಿಂತಿತು. ಸುಮ್ಮನೆ ಶಾಲೆಗೆ ಹೋಗಿಬಿಟ್ಟರೆ ಗಾಜು ಯಾರ ಮನೆಯದೆಂದು ಯಾರಿಗೆ ಗೊತ್ತಾಗುತ್ತದೆ? ಈ ಯೋಚನೆ ಬಂದದ್ದಕ್ಕೆ ಅವಳಿಗೆ ಇನ್ನೂ ಹೆದರಿಕೆಯಾಯಿತು. ಮತ್ತೆ ಓಡಿದಳು.

ಶೆಡ್ಡಿನಲ್ಲಿ ಗಾಡಿಯಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಮುಂದೆ ಕಸದ ರಾಶಿ. ಮೊಣಕೈವರೆಗೆ ತೋಳು ಮಡಚಿದ್ದಳು. ರಾಶಿಯ ಒಂದು ಬದಿಯಲ್ಲಿ ಕುಂಬಳದ ಸಿಪ್ಪೆ ಕಾಣುತ್ತಿತ್ತು. ಅವಳ ಕೈ ಅತ್ತಲೇ ಹೋಗುತ್ತಿತ್ತು.

ಇವಳು ಕೂಗುತ್ತ ನಿಲ್ಲಲಿಲ್ಲ. ಬ್ಯಾಗ್ ಸಮೇತ ಹೋಗಿ ಅಕ್ಕನ ತೋಳು ಹಿಡಿದು ಎಳೆದಳು. ಅಕ್ಕ ಹಿಂದಕ್ಕೆ ಧೊಪ್ಪನೆ ಕೂತುಬಿಟ್ಟಳು.

"ಗಾಜಿದೆ ಅಕ್ಕ. ಅಮ್ಮನ ಜಗ್ ಒಡೆದು ನಾನೇ ಹಾಕಿದ್ದು."

ಗಾಡಿಯಕ್ಕ ತನ್ನ ಕೈ ನೋಡಿಕೊಂಡಳು. ತಿರುಗಿಸಿ ಇನ್ನೊಮ್ಮೆ ನೋಡಿಕೊಂಡಳು. ಬೈದಿದ್ದರೆ ಇವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅಕ್ಕ ಬೈಯಲಿಲ್ಲ. ಎಷ್ಟು ಚೂರಾಗಿತ್ತು ಎಂದು ಕೇಳಿದಳು. ಇವಳಿಗೆ ಗೊತ್ತಿರಲಿಲ್ಲ.

"ಹಾಗಾದ್ರೆ ಜಗ್ಗನ್ನೇ ಜೋಡಿಸ್ಬೇಕು. ಎಲ್ಲಿ ತೂತು ಉಳಿಯುತ್ತೋ, ಆ ಚೂರು ಇನ್ನೂ ಈ ರಾಶಿಯೊಳಗಿದೆ ಅಂತ ಲೆಕ್ಕ."

ಅಕ್ಕ ಒಂದು ಬುಟ್ಟಿ ಗೊಬ್ಬರ ತಂದು ನೀರು ಚಿಮುಕಿಸಿ, ಇವಳು ಕೈಯಲ್ಲಿ ತೋರಿಸಿದಷ್ಟು ಎತ್ತರದ ಗುಪ್ಪೆ ಮಾಡಿದಳು. ಕೋಲಿನಿಂದ ರಾಶಿಯನ್ನು ಎಳೆದೆಳೆದು ಚೂರುಗಳನ್ನು ಇಕ್ಕಳದಲ್ಲಿ ಹೆಕ್ಕಿದಳು. ಒಂದೊಂದನ್ನೂ ನೀರಲ್ಲಿ ಅದ್ದಿ ಗುಪ್ಪೆಯ ಸುತ್ತ ಒತ್ತುತ್ತ ಬಂದಳು. ಇದು ಎಲ್ಲಿಯದು, ಅದು ಎಲ್ಲಿಯದು ಎಂದು ಇವಳು ದೂರ ನಿಂತು ಹೇಳಬೇಕಿತ್ತು. ಮುಟ್ಟಲು ಅಕ್ಕ ಬಿಡಲಿಲ್ಲ. ಮೊದಲು ಹೊಟ್ಟೆ, ಆಮೇಲೆ ಹಿಡಿ, ಆಮೇಲೆ ನೀಲಿ ಅಂಚು. ಮಣ್ಣಿನ ಬಣ್ಣದ ಜಗ್ ಮೆಲ್ಲಗೆ ಎದ್ದು ನಿಂತಿತು.

ಅಂಚಿನಲ್ಲಿ ಒಂದು ಕಡೆ ಮಾತ್ರ ಹೆಬ್ಬೆರಳಿನಷ್ಟು ಜಾಗ ಖಾಲಿ ಉಳಿಯಿತು.

ಅಕ್ಕ ರಾಶಿಯನ್ನೆಲ್ಲ ಇನ್ನೊಮ್ಮೆ ಎಳೆದಳು. ಮತ್ತೊಮ್ಮೆ ಎಳೆದಳು. ಗಾಡಿಯ ತಳ ನೋಡಿದಳು. ಕೊನೆಗೆ ಬೆವರು ಒರೆಸಿಕೊಂಡು ಕೇಳಿದಳು: "ಒಡೆದದ್ದು ಎಲ್ಲಿ?"

"ಅಡುಗೆಮನೇಲಿ."

"ಆ ಚೂರು ಅಲ್ಲೇ ಇದೆ ಹಾಗಾದ್ರೆ. ನಿಮ್ಮ ಪಾಪು ಎಲ್ಲಿ ಆಡುತ್ತೆ?"

ತಮ್ಮನಿಗೆ ಎಂಟು ತಿಂಗಳು. ಹೋದ ವಾರವಷ್ಟೇ ಅಂಬೆಗಾಲಿಡಲು ಕಲಿತಿದ್ದ. ಅಮ್ಮ ಅಡುಗೆ ಮಾಡುವಾಗ ಅವನನ್ನು ಅಡುಗೆಮನೆಯಲ್ಲೇ ಬಿಡುತ್ತಾಳೆ. ಏನು ಸಿಕ್ಕಿದರೂ ಅವನು ನೇರ ಬಾಯಿಗೆ ಹಾಕುತ್ತಾನೆ. ಚಪ್ಪಲಿಯನ್ನೂ ಬಿಟ್ಟಿಲ್ಲ.

ಇನ್‌ಸ್ಪೆಕ್ಟರ್ ತಿರುಗಿ ಮನೆಯ ಕಡೆ ಓಡಿದಳು.

"ಮೊದಲು ಮಗೂನ ಎತ್ಕೋ. ಹುಡುಕೋದು ಆಮೇಲೆ," ಎಂದು ಅಕ್ಕ ಹಿಂದಿನಿಂದ ಕೂಗಿದ್ದು ಕೇಳಿಸಿತು. ಅಷ್ಟರಲ್ಲಿ ಇವಳು ಬ್ಯಾಗನ್ನು ಅಲ್ಲೇ ಬಿಸಾಡಿ ಬೀದಿಯ ಅರ್ಧಕ್ಕೆ ಬಂದಿದ್ದಳು. ಅದು ಅವಳು ದಿನಾ ನಡೆಯುವ ಬೀದಿ. ಇವತ್ತು ಮಾತ್ರ ಮುಗಿಯಲೊಲ್ಲದು.

ತಮ್ಮ ಅಡುಗೆಮನೆಯ ಬೀರುವಿನ ಮುಂದೆ ಬೋರಲು ಮಲಗಿದ್ದ. ಒಂದು ಕೈಯನ್ನು ಬೀರುವಿನ ಅಡಿಗೆ ಚಾಚಿ ಏನನ್ನೋ ಎಟುಕಿಸುತ್ತಿದ್ದ. ಅಮ್ಮ ಒಲೆಯ ಕಡೆ ತಿರುಗಿದ್ದಳು. ಇವಳು ಹೋದವಳೇ ಅವನನ್ನು ಬಾಚಿ ಎತ್ತಿಕೊಂಡಳು. ಅವನು ಚೀರಿದ. ಒಂದು ಮುಷ್ಟಿ ಬಿಗಿಯಾಗಿ ಮುಚ್ಚಿತ್ತು.

"ಶಾಲೆಗೆ ಹೋಗಿಲ್ವಾ? ಏನೇ ಇದು?"

"ಅಮ್ಮಾ, ನಿನ್ನ ಜಗ್ ಒಡೆದೆ. ನಿನ್ನೆ. ಒಂದು ಚೂರು ಇಲ್ಲೇ ಎಲ್ಲೋ ಇದೆ. ಅವನ ಕೈ ನೋಡು, ಬೇಗ ನೋಡು."

ಅಮ್ಮ ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಒಳಗಿದ್ದದ್ದು ಒಂದು ಒಣ ಬಟಾಣಿ ಕಾಳು. ಅವನ ಬಾಯೊಳಗೂ ಬೆರಳು ಹಾಕಿ ನೋಡಿದಳು. ಆಮೇಲೆ ನೆಲಕ್ಕೆ ಕೆನ್ನೆ ಹಚ್ಚಿ, ಮೊಬೈಲಿನ ಟಾರ್ಚ್ ಹಾಕಿ ಬೀರುವಿನ ಅಡಿ ನೋಡಿದಳು. ನೀಲಿ ಅಂಚಿನ ಚೂರು ಅಲ್ಲಿ ಮಿಂಚಿತು. ತಮ್ಮನ ಕೈಗೂ ಅದಕ್ಕೂ ಇದ್ದದ್ದು ಒಂದು ಗೇಣು.

ಅಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. ಇವಳು ಶೆಡ್ಡಿನಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಕೇಳಿ ಮುಗಿದ ಮೇಲೆ ಅಮ್ಮ ಇಬ್ಬರು ಮಕ್ಕಳನ್ನೂ ಎಳೆದು ತಬ್ಬಿಕೊಂಡಳು. ತಬ್ಬಿಕೊಂಡೇ ಇವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

"ಹೋಗಿ ಚೂರು ಸಿಕ್ತು ಅಂತ ಹೇಳು. ಅವಳು ಕೆಲಸ ನಿಲ್ಲಿಸ್ಕೊಂಡು ಕೂತಿರ್ತಾಳೆ."

ಇವಳು ಚೂರನ್ನು ಪೇಪರಿನಲ್ಲಿ ನಾಲ್ಕು ಸುತ್ತು ಸುತ್ತಿ ಕೆಂಪು ಪೆನ್ನಿನಿಂದ ಗುರುತು ಹಾಕಿದಳು. ಅವಸರಕ್ಕೆ ಗೆರೆಗಳು ಸೊಟ್ಟಗಾದವು.

ಶೆಡ್ಡಿನಲ್ಲಿ ಅಕ್ಕ ನಿಜಕ್ಕೂ ಕೈ ಕಟ್ಟಿ ಕೂತಿದ್ದಳು. ಮೊದಲು ಕೇಳಿದ್ದು ಪಾಪುವಿನ ಬಗ್ಗೆ. ಆಮೇಲೆ ಪೇಪರು ಬಿಚ್ಚಿ, ಚೂರನ್ನು ಖಾಲಿ ಜಾಗದಲ್ಲಿ ಇಟ್ಟು ನೋಡಿದಳು. ಸರಿಯಾಗಿ ಕೂತಿತು.

"ಬೇರೆ ಏನೂ ಹಾಕಿಲ್ಲ ತಾನೆ?"

"ಇಲ್ಲ ಅಕ್ಕ."

ಗಾಡಿಯಕ್ಕ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. ಕಸದ ಕಡೆ ನೋಡಲೂ ಇಲ್ಲ. ಹಾಗೇ ಬರಿಗೈಯನ್ನು ರಾಶಿಯೊಳಗೆ ಮೊಣಕೈವರೆಗೆ ಇಳಿಸಿದಳು.

ಇನ್‌ಸ್ಪೆಕ್ಟರ್ ಒಂದು ಹೆಜ್ಜೆ ಹತ್ತಿರ ಬಂದಳು. ಬೀದಿಯಲ್ಲಿ ಅರವತ್ತು ಮನೆಗಳು. ದಿನಾ ಬೆಳಿಗ್ಗೆ ಈ ಕೈ ಅರವತ್ತೂ ಮನೆಯ ಕಸದೊಳಗೆ ಹೀಗೇ ಇಳಿಯುತ್ತದೆ. ಅದೆಲ್ಲ ಅವಳ ಚಾರ್ಟಿನಲ್ಲಿತ್ತು, ಬಣ್ಣದ ಪೆನ್ಸಿಲಿನಲ್ಲಿ ಚಿತ್ರವೂ ಇತ್ತು. ಆದರೆ ನೋಡಿದ್ದು ಈಗಲೇ ಅನ್ನಿಸಿತು.

ಮೊದಲ ಪೀರಿಯಡ್ ಮುಗಿದಿತ್ತು, ಮಿಸ್ಸು ಕೇಳಿಯೇ ಕೇಳುತ್ತಾರೆ. ಆದರೂ ಅವಳು ಕದಲಲಿಲ್ಲ. ಆ ಕೈ ಒಂದು ಕುಂಬಳದ ಸಿಪ್ಪೆ ಹಿಡಿದು ಹೊರಗೆ ಬರುವವರೆಗೂ ಅಲ್ಲೇ ನಿಂತಿದ್ದಳು.