ಬರಿಗಾಲಿನ ಅಳತೆ

"ರಿವೆಟ್ ಹ್ಯಾಂಗ ಮುರೀತ್ರಿ? ಪಾವಟಿಗಿ ಹತ್ತೂ ಮುಂದ ಜಾರಿದ್ರೇನು?"

"ಇಲ್ಲ. ಕುಣಿಯೂ ಮುಂದ ಮುರೀತು."

ಧರ್ಮರಾಜ ನಕ್ಕುಬಿಟ್ಟ.

ಮಾಲಾ ಆ ನಗುವನ್ನು ನೋಡಿದಳು. ಆಮೇಲೆ ಮೇಜಿನ ಮೇಲೆ ಮಲಗಿದ್ದ ತನ್ನ ಕ್ಯಾಲಿಪರ್ ನೋಡಿದಳು. ಎರಡು ಉಕ್ಕಿನ ಕಂಬಿ, ತೊಡೆಗೊಂದು ಮೀನಖಂಡಕ್ಕೊಂದು ಪಟ್ಟಿ, ಕೆಳಗೆ ಕಪ್ಪು ಬೂಟು. ಎರಡನೆಯ ವಯಸ್ಸಿಗೆ ಪೋಲಿಯೊ ಬಂದ ಎಡಗಾಲನ್ನು ಮೂವತ್ತೊಂದರವರೆಗೆ ಹೊತ್ತು ತಂದದ್ದು ಇಂಥವೇ.

"ನಗೂದೇನೈತ್ರಿ ಇದರಾಗ? ರಿಪೇರಿ ಆಗೂದಿಲ್ಲಂದ್ರ ಹೇಳ್ರಿ. ಸೊಲ್ಲಾಪುರಕ್ಕ ಹೋಗ್ತೀನಿ."

"ತಪ್ಪ ತಿಳೀಬ್ಯಾಡ್ರಿ." ಅವನ ನಗು ಆರಿತು. "ವಿಜಯಪುರದಾಗ ಈ ಅಂಗಡಿ ಇಟ್ಟು ಹನ್ನೊಂದು ವರ್ಷ ಆತು. ಬಸ್ಸಿನಾಗ ಮುರದದ್ದು ಬಂದಾವ, ಹೊಲದಾಗ ಮುರದದ್ದು ಬಂದಾವ. ಕುಣದು ಮುರದದ್ದು ಇದಾ ಮೊದಲ. ಖುಷಿ ಆತ್ರಿ."

ಮಾಲಾ ಅವನ ಕಣ್ಣನ್ನೇ ನೋಡಿದಳು. ಎದುರಿಗಿದ್ದವರ ಕಣ್ಣಲ್ಲಿ ಕನಿಕರ ಯಾವಾಗ ಇಣುಕೀತೆಂದು ಕಾಯುವುದು ಅವಳಿಗೆ ಚಿಕ್ಕಂದಿನ ರೂಢಿ. ಇವನ ಕಣ್ಣಲ್ಲಿ ಇನ್ನೂ ಇಣುಕಿರಲಿಲ್ಲ. ಅದೇ ಅವಳ ಚಿಂತೆಯನ್ನು ಹೆಚ್ಚಿಸಿತು.

ಮುಂದಿನ ಐತವಾರ ಅವನು ಅವಳ ಊರಾದ ತಿಕೋಟಾಕ್ಕೇ ಬಂದ, ಹೆಗಲಿಗೆ ಉಪಕರಣದ ಚೀಲ. "ಮತ್ತೇನು ಮುರೀತಾವೋ ನೋಡೂಣು ಅಂತ ಬಂದೆ," ಎಂದ.

ಅವನು ಬಂದು ನಿಂತದ್ದು ದ್ರಾಕ್ಷಿ ಒಣಗಿಸುವ ಶೆಡ್ಡಿನ ಮುಂದೆ. ಸುಗ್ಗಿ ಮುಗಿದ ಮೇಲೆ ಖಾಲಿ, ಗೆಳತಿ ಮಾಶಾಬಿಯ ಅಣ್ಣನದು. ಗ್ರಂಥಾಲಯದ ಕೆಲಸಕ್ಕೆ ರಜೆ ಇರುವ ದಿನ ಮಾಲಾ ಅಲ್ಲಿ ಕುಣಿಯಲು ಕಲಿಸುತ್ತಿದ್ದಳು. ಮೊದಲು ಮೂವರು ಬರುತ್ತಿದ್ದರು. ಈಗ ಹದಿನಾಲ್ಕು ಮಂದಿ. ಗಾಲಿಕುರ್ಚಿಯಲ್ಲಿ ಗಿರಕಿ ಹೊಡೆಯುವ ಮಾಶಾಬಿ. ಘೋಣಸಗಿಯಿಂದ ಬರುವ, ಕಣ್ಣು ಕಾಣದ ತಿಪ್ಪವ್ವ. ಅದೇ ಊರಿನ, ಕಿವಿ ಕೇಳದ ನಾಜಿಯಾ. ಬೀಗರು ಬಂದರೆ ನಾಜಿಯಾಳನ್ನು ಒಳಗಿನ ಕೋಣೆಗೆ ಕಳಿಸುತ್ತಿದ್ದ ಕಾಲವಿತ್ತು. ಈಗ ಬಸ್ಸಿನ ಬೋರ್ಡು ಓದಿ, ತಿಪ್ಪವ್ವನ ಕೈ ಹಿಡಿದು ಕರೆತರುವವಳು ಅವಳೇ.

ಧರ್ಮರಾಜ ಪ್ರತಿ ಐತವಾರ ಬಂದ. ಗಾಲಿಗೆ ಎಣ್ಣೆ ಬಿಟ್ಟ, ಊರುಗೋಲಿಗೆ ರಬ್ಬರ್ ಹಾಕಿದ. ಕೆಲಸವಿಲ್ಲದಾಗ ಗೋಡೆಗೆ ಒರಗಿ ಕೂತು, ಮಾಲಾ ತಿರುಗಿದಾಗ ಸುತ್ತಿಗೆ ನೋಡುವವನಂತೆ ನಟಿಸಿದ.

"ಆ ಸುತಗಿ ಏನ ಚಂದ ಐತಿ ಬೇ," ಎಂದಳು ಮಾಶಾಬಿ. "ನೋಡಿದಷ್ಟೂ ಸಾಲವಲ್ದು ಅವಗ."

ಮಾಲಾ ನಗಲಿಲ್ಲ. ಆದರೆ ಆ ದಿನ ತಾಳ ಎರಡು ಸಲ ತಪ್ಪಿತು.

ಬಬಲೇಶ್ವರದಲ್ಲಿ ಅವರೆಲ್ಲ ಕುಣಿಯಬೇಕಿದ್ದ ಕಾರ್ಯಕ್ರಮಕ್ಕೆ ತಿಂಗಳಿದೆ ಎನ್ನುವಾಗ ಸಂಘಟಕರ ಫೋನು ಬಂತು. "ವೇದಿಕೆ ಮ್ಯಾಲ ದೀಪ ಹಚ್ಚಿರತೀವ್ರಿ. ಚಪ್ಪಲಿ, ಬೂಟು ನಡಿಯೂದಿಲ್ಲ."

ಕ್ಯಾಲಿಪರ್ ಬೂಟಿಗೇ ಕೂತಿತ್ತು. ಬೂಟು ಬಿಟ್ಟರೆ ಮಾಲಾ ನಿಲ್ಲಲಾರಳು.

"ನೀವು ಕುಣೀರಿ. ನಾ ಕೆಳಗ ಕುಂತು ತಾಳ ಹಾಕ್ತೀನಿ," ಎಂದಳು ಗುಂಪಿನವರಿಗೆ.

"ಹಂಗಾರ ನನ್ನ ಗಾಡಿನೂ ಕೆಳಗಾ ಬಿಡ್ರಿ," ಮಾಶಾಬಿ ಸಿಡುಕಿದಳು. "ಇದರ ಗಾಲಿಯೇನು ಜಳಕಾ ಮಾಡಿ ಬರತಾವೇನು?"

ತಿಪ್ಪವ್ವನ ಮಾತು ಮೆತ್ತಗಿತ್ತು. "ನೀ ಇಲ್ದ ನಾ ಯಾರ ಗೆಜ್ಜಿ ಸಪ್ಪಳ ಹಿಡದು ತಿರಗಲೇ ಯವ್ವಾ?"

ಮಾಲಾ ತನ್ನ ಬೂಟನ್ನೇ ನೋಡಿದಳು. ಅವಳು ಕೂತರೆ ತಿಪ್ಪವ್ವ ಕೂರುತ್ತಾಳೆ. ತಿಪ್ಪವ್ವ ಕೂತರೆ ಎಲ್ಲರೂ.

ಎರಡು ವಾರದ ಮೇಲೆ ಧರ್ಮರಾಜ ಒಂದು ಪೊಟ್ಟಣ ತಂದ. ಬೂಟಿಲ್ಲದ ಕ್ಯಾಲಿಪರ್. ಮೈಬಣ್ಣದ ಪ್ಲಾಸ್ಟಿಕ್ಕು, ಮೈಬಣ್ಣದ ಪಟ್ಟಿ.

"ದೂರದಿಂದ ನೋಡಿದ್ರ ಗೊತ್ತಾ ಆಗೂದಿಲ್ರಿ," ಎಂದ ಹೆಮ್ಮೆಯಿಂದ.

"ಏನು ಗೊತ್ತಾಗೂದಿಲ್ಲ?"

ಅವನು ತಡವರಿಸಿದ.

"ಮುಚ್ಚಿಡೂದು ನಮ್ಮ ಮನಿಯವರಿಗೆಲ್ಲಾ ಬರತೈತ್ರಿ. ಅದನ್ನ ಕಲಿಯಾಕ ಇವರು ಬಸ್ ಹತ್ತಿ ಇಲ್ಲಿಗೆ ಬರೂದಿಲ್ಲ." ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವನು ಪೊಟ್ಟಣ ಕಟ್ಟಿಕೊಂಡು ಹೋದ.

ಮುಂದಿನ ಐತವಾರ ಬರಲಿಲ್ಲ.

"ಬಾಗಲಾ ಸವದು ಹೋಗತೈತಿ, ಅಷ್ಟ ನೋಡಬ್ಯಾಡ," ಎಂದಳು ಮಾಶಾಬಿ. ಮಾಲಾ ಬೇರೆ ಕಡೆ ತಿರುಗಿದಳು. ತಾನು ಅಂದದ್ದು ಸರಿಯೇ ಇತ್ತು. ಆದರೂ ಸರಿಯಾದ ಮಾತು ಎದೆಯಲ್ಲಿ ಇಷ್ಟು ಚುಚ್ಚುತ್ತದೆಂದು ಅವಳಿಗೆ ತಿಳಿದಿರಲಿಲ್ಲ.

ಕಾರ್ಯಕ್ರಮಕ್ಕೆ ಒಂಬತ್ತು ದಿನ ಉಳಿದಿದ್ದಾಗ ಅವಳೇ ವಿಜಯಪುರದ ಬಸ್ಸು ಹತ್ತಿದಳು.

ಅಂಗಡಿಯ ಮೇಜಿನ ಮೇಲೆ ಆ ಮೈಬಣ್ಣದ ವಸ್ತು ಚೂರುಚೂರಾಗಿತ್ತು. ಪಕ್ಕದಲ್ಲಿ ಕುಂಕುಮದಂಥ ಕೆಂಪು ಚರ್ಮದ ಪಟ್ಟಿಗಳು, ಸಾಲುಸಾಲು ತೂತು.

"ತೂತಿಗೊಂದು ಗೆಜ್ಜಿ ಕುಂಡ್ರಸ್ತೀನ್ರಿ," ಎಂದ ಧರ್ಮರಾಜ, ತಲೆ ಎತ್ತದೆ. "ಎಲ್ಲಾರಿಗೂ ಕಾಣಲಿ. ಆದ್ರ ಪಾದದ ಕೆಳಗಿನ ಹಲಿಗಿ ಅಳತಿ ಇಲ್ದ ಆಗೂದಿಲ್ಲ. ಹಿಂದಿನದು ಬೂಟ ನೋಡಿ ಮಾಡಿದ್ದೆ."

"ನನ್ನ ಯಾಕ ಕೇಳಲಿಲ್ಲ?"

"ಧೈರ್ಯ ಆಗಲಿಲ್ರಿ. ನೀವು ಸಾಕ್ಸ್ ತಗಿಯೂದಿಲ್ಲ."

ಅಂದರೆ ಅದನ್ನೂ ಗಮನಿಸಿದ್ದ.

ತಾಯಿ ಮತ್ತು ಡಾಕ್ಟರುಗಳನ್ನು ಬಿಟ್ಟರೆ ಆ ಪಾದವನ್ನು ಯಾರೂ ಕಂಡಿರಲಿಲ್ಲ. ಮಾಲಾ ಸ್ಟೂಲಿನ ಮೇಲೆ ಕೂತು, ಪಟ್ಟಿ ಬಿಚ್ಚಿ, ಬೂಟು ತೆಗೆದಳು. ಸಾಕ್ಸಿನ ಅಂಚಿನಲ್ಲಿ ಅವಳ ಬೆರಳು ಸ್ವಲ್ಪ ಹೊತ್ತು ನಿಂತವು. ಆಮೇಲೆ ಅದನ್ನೂ ಎಳೆದಳು.

ಎಂಟು ವರ್ಷದ ಮಗುವಿನದರಷ್ಟು ಪಾದ. ಬೇಸಗೆಯಲ್ಲೂ ತಣ್ಣಗಿರುವ, ನೀಲಿಗಟ್ಟಿದ, ಮಡಚಿದ ಬೆರಳುಗಳ ಪಾದ.

ಅವಳು ಪಾದ ನೋಡಲಿಲ್ಲ, ಅವನ ಮುಖ ನೋಡಿದಳು. ಆ ಅರೆಕ್ಷಣದ ಅಳುಕಿಗಾಗಿ ಕಾದಳು. ಬರಲಿಲ್ಲ. ಅವನು ನೆಲಕ್ಕೆ ಕೂತು, ಹಾಳೆ ಹಾಸಿ, ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡ. ಆಮೇಲಷ್ಟೇ ಮುಟ್ಟಿದ.

"ನಮ್ಮಜ್ಜ ಬಬಲೇಶ್ವರದಾಗ ಊರಿಗೆಲ್ಲಾ ಚಪ್ಪಲಿ ಹೊಲದಾವ. ಮಂದಿ ಅವನ ಮಾರಿ ನೋಡತಿದ್ದಿಲ್ಲ. ಅವ ಮಾತ್ರ ಕಾಲು ನೋಡಿ ಮನಷ್ಯಾನ ಹೇಳತಿದ್ದ."

ಪೆನ್ಸಿಲ್ಲು ಹಿಮ್ಮಡಿ ಸುತ್ತಿ, ಕಿರುಬೆರಳ ಬಳಿ ನಿಧಾನವಾಯಿತು.

"ನನ್ನ ಕಾಲು ಏನ ಹೇಳತೈತಿ?"

ಅವನು ಗೆರೆಯನ್ನು ಪೂರ್ತಿ ಮಾಡಿ ಪೆನ್ಸಿಲ್ಲು ಎತ್ತಿದ. "ಭಾಳ ದೂರ ಒಬ್ಬಾಕೀನಾ ನಡದಾಳಂತ."

ಮಾಲಾ ಕಿಟಕಿಯಾಚೆ ನೋಡಿದಳು. ರಸ್ತೆ, ಟಾಂಗಾ, ಜನ, ಎಲ್ಲ ಕಣ್ಣ ನೀರಲ್ಲಿ ಅಲುಗಾಡಿದವು.

ಬಬಲೇಶ್ವರದ ವೇದಿಕೆಯ ಮೆಟ್ಟಿಲ ಬಳಿ ಸಂಘಟಕರು ಕೆಂಪು ಪಟ್ಟಿಯನ್ನೇ ದಿಟ್ಟಿಸಿದರು. "ಬೂಟಿಲ್ಲ, ಖರೆ. ಆದ್ರ ಇದರಾಗ ಚರ್ಮ ಐತಲ್ಲ?"

"ತಬಲಾದ ಮ್ಯಾಲೇನೈತ್ರಿ ಸಾಹೇಬ್ರ?" ಎಂದ ಧರ್ಮರಾಜ.

ಅವರು ತಬಲಾ ನೋಡಿದರು, ಕತ್ತು ತುರಿಸಿಕೊಂಡರು, ದಾರಿ ಬಿಟ್ಟರು.

ಎಡಗಾಲಿನ ಗೆಜ್ಜೆ ಮೊದಲ ಸಲ ದನಿ ತೆಗೆದಾಗ ತಿಪ್ಪವ್ವ ಆ ಕಡೆ ಮುಖ ತಿರುಗಿಸಿದಳು. ಹಲಗೆಯ ನಡುಕವನ್ನು ಅಂಗಾಲಲ್ಲಿ ಹಿಡಿದ ನಾಜಿಯಾ ಹೆಜ್ಜೆ ಇಟ್ಟಳು. ಹಿಂದೆಯೇ ಉಳಿದವರು. ನಡುವೆ ಒಮ್ಮೆ ಮಾಲಾ ಜೋಲಿ ಹೊಡೆದು ಮಾಶಾಬಿಯ ಕುರ್ಚಿ ಹಿಡಿದಳು. ಮಾಶಾಬಿ ಅವಳನ್ನು ಎಳೆದುಕೊಂಡೇ ಗಿರಕಿ ಹೊಡೆದಳು. ಅದೂ ಕುಣಿತವೇ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿ ನಾಜಿಯಾಳ ತಂದೆ ಗೈಬುಸಾಬ, ಪಕ್ಕದವನಿಗೆ ಬೆರಳು ತೋರಿಸಿ ಹೇಳುತ್ತಿದ್ದ: "ನನ್ನ ಮಗಳು. ಅಕಿ, ಅಕಿ!"

ಮುಗಿದ ಮೇಲೆ, ವೇದಿಕೆಯ ಹಿಂದೆ, ಧರ್ಮರಾಜ ಮೊಣಕಾಲೂರಿ ರಿವೆಟ್ ಮುಟ್ಟಿ ನೋಡಿದ. "ಮುರದಿಲ್ಲ."

ಬಗ್ಗಿದವನ ಅಂಗಿಯ ಕಿಸೆಯಿಂದ ಮಡಚಿದ ಹಾಳೆ ಬಿತ್ತು. ಮಾಲಾ ಎತ್ತಿಕೊಂಡು ಬಿಚ್ಚಿದಳು. ಅವಳ ಪಾದ.

"ಕೆಲಸ ಮುಗೀತಲ್ರಿ. ಇದನ್ನ ಯಾಕ ಇಟಗೊಂಡೀರಿ?"

"ಒಗಿಯಾಕ ಮನಸ ಬರಲಿಲ್ಲ."

ಅವಳು ಮಾತನ್ನು ಎರಡು ಸಲ ತೂಗಿ ಆಡುವವಳು. ಇದನ್ನು ತೂಗಲಿಲ್ಲ. "ಪೆನ್ಸಿಲ್ ಕೊಡ್ರಿ. ಚಪ್ಪಲಿ ಬಿಡ್ರಿ."

"ನನ್ನ ಕಾಲು ಭಾಳ ಒಡದಾವ್ರಿ," ಅವನು ಹಿಂದೆ ಸರಿದ. ಈಗ ಅಳುಕು ಅವನದಾಗಿತ್ತು.

"ನಾ ಸಾಕ್ಸ್ ತಗದಿದ್ದೆ."

ಅವನು ಚಪ್ಪಲಿ ಬಿಟ್ಟ. ಅವಳು ಹಾಳೆಯನ್ನು ನೆಲಕ್ಕೆ ಹಾಸಿ, ಕಂಬಿಯ ಕಾಲನ್ನು ಚಾಚಿ ಕೂತು, ಒಡೆದ ಹಿಮ್ಮಡಿಯ ಸುತ್ತ ಗೆರೆ ಎಳೆದಳು. ಹಾಳೆ ಸಣ್ಣದು, ಅವನ ಕಿರುಬೆರಳು ಅವಳ ಪಾದದ ಚಿತ್ರದೊಳಕ್ಕೆ ಬಂತು. ಅವಳು ಗೆರೆಯನ್ನು ತಪ್ಪಿಸಲಿಲ್ಲ.

ವ್ಯಾನಿನಿಂದ ಮಾಶಾಬಿ ಕೂಗಿದಳು. "ಬರತೀರೋ, ನಾವಾ ಹೋಗೂಣೋ?"

ಮಾಲಾ ಹಾಳೆಯನ್ನು ಅವನ ಮುಂದೆ ಹಿಡಿದಳು. "ಕಾಲು ನೋಡಿ ಹೇಳೂದು ನಿಮ್ಮ ಮನಿತನಕ್ಕ ಬರತೈತಲ್ಲ. ಈಗ ಹೇಳ್ರಿ."

ಧರ್ಮರಾಜ ನೋಡಿದ. ಎರಡೂ ಪಾದದ ಗೆರೆಯ ಮೇಲೆ ಬೆರಳಾಡಿಸಿದ.

"ಇಬ್ಬರು ನಡದಾರ," ಎಂದ. "ಸಾವಕಾಶ."