ತಿದ್ದಬಾರದ ಬ್ಯಾಚ್

“ಟೀಚರ್, ನಿಮ್ಮನ್ನು ಕಂಡರೆ ನನಗೆ ಆಗೋದಿಲ್ಲ.”

ಒಂಬತ್ತನೇ ವಾರದ ಮಂಗಳವಾರ ಬೆಳಗ್ಗೆ, ಕ್ಲಾಸ್ ಮುಗಿದು ಉಳಿದವರೆಲ್ಲ ಹೋದ ಮೇಲೆ, ಕುರ್ಚಿಗಳನ್ನು ಗೋಡೆಗೆ ಸರಿಸುತ್ತ, ನನ್ನ ಬಳಿ ಭಾಷೆ ಕಲಿಯುತ್ತಿದ್ದ ಅವರು ಈ ಮಾತು ಹೇಳಿದರು. ಹೇಳಿ, ಎತ್ತಿದ ಕುರ್ಚಿಯನ್ನು ಕೆಳಗಿಡುವುದನ್ನೇ ಮರೆತು ನಿಂತರು. ಕಿವಿಯ ತುದಿ ಕೆಂಪಗಾಗಿತ್ತು. ಇಷ್ಟು ಅಕ್ಕರೆಯಿಂದ ಯಾರೂ ಯಾರನ್ನೂ ದ್ವೇಷಿಸಿದ್ದನ್ನು ನಾನು ನೋಡಿಲ್ಲ.

ಹೇಳಹೊರಟಿದ್ದು ‘ಕಾಣದಿದ್ದರೆ’ ಎಂದು. ಅಷ್ಟುದ್ದದ ಪದ ನಾಲಿಗೆಗೆ ಸಿಗದೆ ‘ಕಂಡರೆ’ಯಲ್ಲೇ ಮುಗಿಸಿದ್ದರು. ನನಗದು ಆ ಕ್ಷಣವೇ ತಿಳಿಯಿತು. ತಲೆಯಾಡಿಸಿದೆ. ನಕ್ಕೆ.

ಬೇರೇನೂ ಮಾಡುವಂತಿರಲಿಲ್ಲ, ಅಥವಾ ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ದೊಡ್ಡವರು ಎರಡನೇ ಭಾಷೆಯನ್ನು ಹೇಗೆ ಕಲಿಯುತ್ತಾರೆ ಎಂಬುದರ ಬಗ್ಗೆ ಪಂಡಿತರಲ್ಲಿ ಎರಡು ಪಕ್ಷ. ಅರ್ಥವಾಗುವ ಮಾತು ಕಿವಿಗೆ ಸಾಕಷ್ಟು ಬಿದ್ದರೆ ಭಾಷೆ ತಾನಾಗಿ ಬರುತ್ತದೆ, ತಿದ್ದಹೋದರೆ ಹೆದರಿ ಬಾಯಿ ಮುಚ್ಚುತ್ತಾರೆ ಎನ್ನುವುದು ಒಂದು ಪಕ್ಷ. ಯಾರೂ ತಿದ್ದದಿದ್ದರೆ ತಪ್ಪು ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ ಎನ್ನುವುದು ಇನ್ನೊಂದು. ಭಾಷೆಯ ಈ ಪಂಡಿತರು ಪರಸ್ಪರ ಮಾತು ಬಿಟ್ಟು ಬಹಳ ವರ್ಷವಾಯಿತು.

ನನ್ನ ಪಿಎಚ್‌.ಡಿ. ಈ ಜಗಳದ ನಡುವೆ ನಿಂತಿತ್ತು. ಸೋಮವಾರದ ಬ್ಯಾಚಿನವರ ಪ್ರತಿ ತಪ್ಪನ್ನೂ ತಿದ್ದಬೇಕು. ಮಂಗಳವಾರದವರಿಗೆ ಸುಮ್ಮನೆ ತಲೆಯಾಡಿಸಿ, ನಕ್ಕು, ತಪ್ಪನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಹನ್ನೆರಡನೇ ವಾರ ಎರಡೂ ಬ್ಯಾಚಿಗೆ ಪರೀಕ್ಷೆ. ‘ಬೋಧನೆಯ ವಿಧಾನ ಬೇರೆಬೇರೆ ಇರಬಹುದು’ ಎಂಬ ಕಾಗದಕ್ಕೆ ಎಲ್ಲರೂ ಒಪ್ಪಿ ಸಹಿ ಹಾಕಿದ್ದರು. ಕಾಗದವಿದ್ದದ್ದು ಅವರಿಗಿನ್ನೂ ಬಾರದ ಭಾಷೆಯಲ್ಲಿ.

ಕುರ್ಚಿ ಹಿಡಿದು ನಿಂತ ಅವರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು. ಹೊರದೇಶದಿಂದ ಬಂದವರು, ನಲವತ್ತು ದಾಟಿದ ಒಂಟಿ ಗಂಡಸು. ಅವರ ಭಾಷೆಯಲ್ಲಿ ವಸ್ತುಗಳಿಗೂ ಗಂಡು ಹೆಣ್ಣೆಂಬುದಿತ್ತು.

“ನಿನ್ನೆ ಒಂದು ಗಾಜು ಬಿದ್ದಳು, ಟೀಚರ್. ಪಾಪ, ಒಡೆದುಹೋದಳು.”

“ಅಯ್ಯೋ. ನೋವಾಯ್ತಾ ಅವಳಿಗೆ?”

“ಅವಳಿಗೆ ಇಲ್ಲ. ನನಗೆ.” ಹೀಗೆಂದು ಅವರು ಕನ್ನಡಕದ ಮೇಲಂಚಿನಿಂದ ನನ್ನತ್ತ ನೋಡುತ್ತಿದ್ದರು. ನಗು ಮೊದಲು ಎಡಗಣ್ಣಿಗೆ ಬಂದು, ಅಲ್ಲಿ ಸ್ವಲ್ಪ ಕೂತು, ಆಮೇಲೆ ಬಲಗಣ್ಣಿಗೆ ಹೋಗುತ್ತಿತ್ತು.

ತಪ್ಪನ್ನು ತಿದ್ದದಿರುವುದು ನಿಯಮ. ಅದಕ್ಕೆ ಗೊಬ್ಬರ ಹಾಕಿದ್ದು ಮಾತ್ರ ನನ್ನ ಸ್ವಂತ ಸೇರ್ಪಡೆ.

ಆರನೇ ವಾರ ಒಮ್ಮೆ ಕೇಳಿದ್ದರು: “ಸೋಮವಾರ ಅಂಗಡಿ ಬೇಗ ಮುಚ್ಚುತ್ತೆ. ಆ ಸಂಜೆ ಕ್ಲಾಸಿಗೂ ಬರಬಹುದಾ?”

“ಜಾಗ ಇಲ್ಲ” ಎಂದೆ. ಎರಡು ಕುರ್ಚಿ ಖಾಲಿ ಇದ್ದವು.

ಹನ್ನೊಂದನೇ ವಾರ ಅವರು ಬಂದಾಗ ಮುಖ ಬಿಳಿಚಿತ್ತು. ಅಂಗಡಿಯ ಒಡತಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಆಪರೇಷನ್ ಮಾಡಿಸಿಕೊಂಡು ತಿಂಗಳ ಮೇಲೆ ಹಿಂದಿನ ದಿನವಷ್ಟೇ ಅಂಗಡಿಗೆ ಬಂದಿದ್ದರಂತೆ. ಗಿರಾಕಿಗಳೆಲ್ಲರ ಎದುರು ಇವರು ಎದೆಯ ಮೇಲೆ ಕೈಯಿಟ್ಟು, ಕಣ್ಣು ತುಂಬಿಕೊಂಡು, ತಮಗೆ ಬರುವ ಅತಿ ಒಳ್ಳೆಯ ವಾಕ್ಯವನ್ನು ಹೇಳಿದ್ದರು.

“‘ಹಾಗಾದ್ರೆ ನಾಳೆಯಿಂದ ನನ್ನ ಮುಖ ನೋಡೋ ಕಷ್ಟ ನಿನಗೆ ಬೇಡಪ್ಪ’ ಅಂದ್ರು. ಕೆಲಸ ಇಲ್ಲ ಅಂದ್ರೆ ಪರ್ಮಿಟ್ ಇಲ್ಲ, ಟೀಚರ್. ಮೂವತ್ತು ದಿನದಲ್ಲಿ ದೇಶ ಬಿಡಬೇಕು. ನಾನು ಹೇಳಿದ್ದು ಸರಿ ಇತ್ತು ತಾನೆ?”

ಪರೀಕ್ಷೆಗೆ ಒಂದೇ ವಾರವಿತ್ತು. ಕ್ಲಾಸಿನ ಹನ್ನೆರಡು ಜನ ನನ್ನನ್ನೇ ನೋಡುತ್ತಿದ್ದರು. ಬಾಯಿಬಿಟ್ಟರೆ ಎರಡು ವರ್ಷದ ಕೆಲಸ ನೀರುಪಾಲು.

ತಲೆಯಾಡಿಸಿದೆ. ನಗಲು ಮಾತ್ರ ಆಗಲಿಲ್ಲ.

ಮರುದಿನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೊರಗೆ ನಿಂತಿದ್ದೆ.

“ಏನಮ್ಮ, ದೂರದ್ದಾ, ಹತ್ತಿರದ್ದಾ?” ಎಂದರು ದೊಡ್ಡಮ್ಮ.

“ಕನ್ನಡಕಕ್ಕೆ ಬಂದಿಲ್ಲ. ನಿಮ್ಮ ಗಾಜಿನವರಿಗೆ ಭಾಷೆ ಕಲಿಸೋ ಟೀಚರ್ ನಾನು.” ಎಲ್ಲ ಹೇಳಿದೆ.

“ಅಂದ್ರೆ ಅದು ತಪ್ಪು ಅಂತ ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

“ಆದ್ರೂ ತಿದ್ದಲಿಲ್ಲ.”

“ಹಾಗಂತ ನಿಯಮ.”

“ನಿನಗೂ ಹೇಳಿದ್ನಾ ಆ ಮಾತು?”

ನಾನು ನೆಲ ನೋಡಿದೆ. ದೊಡ್ಡಮ್ಮ ತಮ್ಮ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

“ಓಹೋ, ನಿಯಮ!” ಎಂದರು. “ಒಳಗೆ ಸಾಮಾನು ಕಟ್ಟಿಕೊಳ್ತಿದ್ದಾನೆ. ಹೋಗಿ ಅವನಿಗೇ ಹೇಳು. ಕೆಲಸ ಅವನದೇ ಅಂತಲೂ ಹೇಳು. ನಿನ್ನ ಬಾಯಿಂದ ಒಂದಾದ್ರೂ ಸರಿ ಮಾತು ಕೇಳಲಿ, ಪಾಪ.”

ಒಳಕೋಣೆಯಲ್ಲಿ ಉಜ್ಜುವ ಚಕ್ರ ನಿಂತಿತ್ತು. ಅದರ ಸುತ್ತ ಗಾಜಿನ ಒದ್ದೆ ಪುಡಿ. ಕೆಲಸ ಉಳಿದಿದೆ ಎಂದು ಹೇಳಿದೆ. ಆ ವಾಕ್ಯಕ್ಕೆ ನಿಜವಾಗಿ ಏನರ್ಥ ಎಂದು ಹೇಳಿದೆ. ಪುಸ್ತಕದ ವಿಷಯವನ್ನೂ ಹೇಳಿದೆ.

“ಎಷ್ಟು?” ಎಂದರು.

“ಏನು?”

“ನನ್ನ ತಪ್ಪು.”

“ನೂರ ಹದಿನಾಲ್ಕು.”

ಅವರು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು, ಬಿಚ್ಚಿದರು, ಮತ್ತೆ ಮಡಿಸಿದರು. “ನಾನು ಮಾತಾಡಿದಾಗ ನೀವು ನಗ್ತಿದ್ರಿ. ಮನೆಗೆ ಹೋಗಿ ನಾನು ಆ ನಗುವನ್ನ…” ಪದ ಸಿಗದೆ ನಿಂತರು.

“ನೆನಪಿಸಿಕೊಳ್ತಿದ್ದೆ” ಎಂದು ಎತ್ತಿಕೊಟ್ಟೆ, ಹನ್ನೊಂದು ವಾರದಲ್ಲಿ ಮೊದಲ ಸಲ.

“ಇಲ್ಲ. ಎಣಿಸ್ತಿದ್ದೆ.”

“ಸೋಮವಾರದ ಕ್ಲಾಸಲ್ಲಿ ಜಾಗ ಇತ್ತು” ಎಂದೆ. “ತಿದ್ದಿಬಿಟ್ರೆ ನೀವು ಎಲ್ಲರ ಹಾಗೆ ಮಾತಾಡ್ತೀರಿ, ಆಮೇಲೆ ನನ್ನ ಹತ್ರ ಬರೋದಿಲ್ಲ ಅಂತ ಹೆದರಿಕೆ ಆಯ್ತು. ಆ ನಗು ಸಂಶೋಧನೆಗೆ ಅಂತ ನಕ್ಕಿದ್ದಲ್ಲ.”

ಅವರು ಚಕ್ರದ ಸ್ವಿಚ್ ಒತ್ತಿದರು. ಆ ಸದ್ದಿನಲ್ಲಿ ಯಾವ ಭಾಷೆಯೂ ಕೇಳಿಸುವಂತಿರಲಿಲ್ಲ.

ಮಂಗಳವಾರದ ಬ್ಯಾಚನ್ನು ಲೆಕ್ಕದಿಂದ ಕೈಬಿಡಬೇಕೆಂದು ನನ್ನ ಗೈಡಿಗೆ ತಿಳಿಸಿ, ಕಾರಣವನ್ನೂ ಮುಚ್ಚಿಡದೆ ಹೇಳಿದೆ. “ಪ್ರೀತಿ ಮಾಡೋಕೆ ನಿಮಗೆ ಆ ಬ್ಯಾಚೇ ಬೇಕಿತ್ತಾ? ಸೋಮವಾರ ಮಾಡಬಹುದಿತ್ತಲ್ಲ!” ಎಂದರು ಆಕೆ. ಮುಂದಿನ ಮಂಗಳವಾರ ಹನ್ನೊಂದು ಜನರಿಗೆ ಅವರವರ ತಪ್ಪುಗಳ ಪಟ್ಟಿ ಕೊಟ್ಟು ಕ್ಷಮೆ ಕೇಳಿದೆ. ಹನ್ನೆರಡನೆಯವರು ಬಂದಿರಲಿಲ್ಲ.

ಮೂರು ವಾರ ಕಳೆದ ಮೇಲೆ ಬಂದರು. ಮಧ್ಯಾಹ್ನ, ಖಾಲಿ ಕ್ಲಾಸಿನಲ್ಲಿ ನನ್ನೆದುರು ಕುರ್ಚಿ ಎಳೆದುಕೊಂಡು ಕೂತು, ತಮ್ಮ ಭಾಷೆಯಲ್ಲಿ ಒಂದು ವಾಕ್ಯ ಹೇಳಿದರು. ನಾಲ್ಕೇ ಪದ. ಕೊನೆಯದು ಗಂಟಲಿನ ತಳದಿಂದ ಬರುವಂಥದ್ದು.

“ಹೇಳಿ.”

ಹೇಳಿದೆ.

“ತಪ್ಪು. ಮತ್ತೆ.”

ಮತ್ತೆ ಹೇಳಿದೆ.

“ತಪ್ಪು. ಬಾಯಿ ನೋಡಿ, ಹೀಗೆ.”

ನೋಡಿದೆ. ಪಾಠಕ್ಕೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದೆ. ಅದು ಅವರಿಗೆ ತಿಳಿಯಿತು. ಆದರೆ ಮುಖ ಸಡಿಲಿಸಲಿಲ್ಲ.

“ಏನು ಅರ್ಥ ಇದಕ್ಕೆ?”

“ಮೊದಲು ಸರಿಯಾಗಿ ಹೇಳಿ. ಅರ್ಥ ಆಮೇಲೆ.”

ಬೈಗುಳವೂ ಇರಬಹುದು. ಇದ್ದರೆ ಅದು ನನಗೆ ಸಲ್ಲಬೇಕಾದದ್ದೇ. ‘ಆಮೇಲೆ’ ಎಂಬ ಪದವನ್ನಂತೂ ಅವರು ಸರಿಯಾಗಿಯೇ ಬಳಸಿದ್ದರು. ನಾನು ಇನ್ನೊಮ್ಮೆ ಬಾಯಿ ತೆರೆದೆ.