ಕಣಕ್ಕೆ ಚಪ್ಪಲಿ ಬಿಟ್ಟು ಬಾ

ಆ ಹುಡುಗಿ ಚಪ್ಪಲಿ ಹಾಕಿಕೊಂಡೇ ಕಣಕ್ಕೆ ಕಾಲಿಟ್ಟಳು!

ಮೆಣಸಿನಕಾಯಿ ತಿರುವುತ್ತಿದ್ದ ರೋಹಿಣಿಯ ಕೈ ಅಲ್ಲೇ ನಿಂತಿತು. ಈಗ ಬೈತಾನ ನೋಡು, ಅಂದುಕೊಂಡಳು. ಹಿಂದೊಮ್ಮೆ ತಾನು ಮರೆತು ಚಪ್ಪಲಿಯಲ್ಲಿ ಬಂದದ್ದಕ್ಕೆ ಇದೇ ಪಕ್ಕದ ಮನೆಯ ಮಾಲತೇಶ, ರಸ್ತೆಯಲ್ಲಿ ಹೋಗುವ ಕಾಗಿನೆಲೆ ಬಸ್ಸಿನವರಿಗೂ ಕೇಳುವಂತೆ ಕೂಗಾಡಿದ್ದ. ಬೆಳೆ ಹರಡುವ ಜಾಗ, ದೇವರ ಕೋಣೆ ಇದ್ದಂತೆ ಅಂತ.

ಆದರೆ ಇವತ್ತು ಬೈಯಲಿಲ್ಲ. ಅಳತೆ ಟೇಪಿನ ಇನ್ನೊಂದು ತುದಿ ಹಿಡಿದು ಅವಳ ಹಿಂದೆಯೇ ನಡೆದ.

ಓಹೋ... ಆಕಿಗೆ ಎಲ್ಲಾ ಮಾಫಿ!

ಆಕೆ ಕಾವ್ಯಾ, ಹಾವೇರಿಯ ವಕೀಲೆ. ಈ ತಿಂಗಳೆಲ್ಲ ಮಾಲತೇಶ ಹೊಲ ಬಿಟ್ಟು ಹಾವೇರಿಗೆ ಓಡಾಡಿದ್ದೇ ಹೆಚ್ಚು. ಕೇಳಿದರೆ ಸ್ವಲ್ಪ ಕೆಲಸ ಐತಿ ಅನ್ನುತ್ತಿದ್ದ. ಆ ಕೆಲಸ ಇಷ್ಟು ಚೆಂದ ಇದೆ ಅಂತ ರೋಹಿಣಿಗೆ ಇವತ್ತೇ ಗೊತ್ತಾಗಿದ್ದು.

ಎರಡು ಮನೆಗೂ ನಡುವೆ ಒಂದೇ ಗೋಡೆ, ಹಿಂದೆ ಒಂದೇ ಕಣ. ಕಣ ಮಾಲತೇಶನ ಮನೆಯವರದು. ತಮಗೂ ಒಣಗಿಸಲು ಜಾಗ ಕೊಟ್ಟ ಋಣಕ್ಕೆ ರೋಹಿಣಿಯ ಅಜ್ಜಿ ಬೀರವ್ವ ಪ್ರತಿ ಸುಗ್ಗಿಯಲ್ಲೂ ಮೊದಲ ಬುಟ್ಟಿ ಕಾಯಿಯನ್ನು ಅವರ ಹೊಸ್ತಿಲಲ್ಲಿ ಇಟ್ಟು ಬರುತ್ತಿದ್ದಳು. ಇಬ್ಬರ ಕಾಯಿಗಳ ನಡುವೆ ಒಂದು ಬೂದಿ ಗೆರೆ, ಅಷ್ಟೇ. ಇಬ್ಬನಿ ಬೀಳುವ ಮುಂಚೆ ಯಾರು ಕಣದಲ್ಲಿರುತ್ತಾರೋ ಅವರೇ ಎರಡೂ ರಾಶಿಗೆ ತಾಡಪತ್ರಿ ಹೊದಿಸುವುದು ರೂಢಿ.

ಆ ಸಂಜೆ ರೋಹಿಣಿ ತಮ್ಮ ರಾಶಿಯನ್ನಷ್ಟೇ ಮುಚ್ಚಿದಳು. ಬೂದಿ ಗೆರೆಯನ್ನು ದಪ್ಪಗೆ ಎಳೆದಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು, ಗೊಣಗುತ್ತಲೇ ಅವನ ರಾಶಿಗೂ ಹೊದಿಸಿದಳು. ಕಣ್ಣು ತುಂಬಿದ್ದು ಘಾಟಿಗೆ ಅಂತ ತನಗೆ ತಾನೇ ಹೇಳಿಕೊಂಡಳು. ಬ್ಯಾಡಗಿ ಕಾಯಿಗೆ ಬಣ್ಣವೇ ಹೊರತು ಅಷ್ಟು ಖಾರವಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು...

ಮರುದಿನ ಬೆಳಿಗ್ಗೆ ಮಾಲತೇಶ ಬಂದು ಕಣದ ಅಂಚಿನಲ್ಲೇ ನಿಂತ. ಕೈಯಲ್ಲೊಂದು ಹಳೆಯ ಕಾಗದ.

"ಅಳತಿ ಮುಗೀತೇನು?" ರೋಹಿಣಿ ಚುಚ್ಚಿದಳು. "ಲಗ್ನದ ಹಂದರ ಎಷ್ಟಗಲ ಹಾಕಬೇಕಂತ ವಕೀಲರು?"

ಅವನು ನಗಲಿಲ್ಲ. ಬೀರವ್ವನನ್ನು ಕರೆಸಿ, ಕಾಗದ ಓದಿದ.

ಅವನ ಮನೆಯ ಟ್ರಂಕಿನಲ್ಲಿ ಸಿಕ್ಕಿದ್ದು. ತನ್ನ ಅಣ್ಣತಮ್ಮಂದಿರ ಜಗಳದಲ್ಲಿ ಕಣ ಕೈಬಿಟ್ಟೀತೆಂದು ರೋಹಿಣಿಯ ಅಜ್ಜ ಮೈಲಾರಲಿಂಗಪ್ಪ ಅದನ್ನು ಮಾಲತೇಶನ ಅಜ್ಜ ಜಟ್ಟೆಪ್ಪನ ಹೆಸರಿಗೆ ಮಾಡಿಸಿದ್ದ, ಬರೀ ನಂಬಿಕೆಯ ಮೇಲೆ. ಕೇಳಿದ ದಿನ ತಿರುಗಿ ಬರೆದುಕೊಡುತ್ತೇನೆಂದು ಜಟ್ಟೆಪ್ಪ ಹೆಬ್ಬೆಟ್ಟು ಒತ್ತಿದ್ದ. ಕೇಳುವ ಮೊದಲೇ ಮೈಲಾರಲಿಂಗಪ್ಪ ತೀರಿಕೊಂಡ, ಮನೆಯಲ್ಲೂ ಹೇಳದೆ. ಜಗಳ ತಣ್ಣಗಾಗಲಿ ಅಂತ ಕಾದ ಜಟ್ಟೆಪ್ಪ, ಕಾಯುತ್ತಲೇ ಹೋಗಿಬಿಟ್ಟ.

ಬೀರವ್ವ ಕುಳಿತುಬಿಟ್ಟಳು. "ಹಂಗಾರ ಇಷ್ಟು ವರ್ಷ ನಮ್ಮ ಕಣಕ್ಕ ನಾವ ಬುಟ್ಟಿ ಕೊಟ್ಟೀವೇನೋ?"

"ಹೌದು ಅಮ್ಮ. ಆ ಬುಟ್ಟಿ ಕಾಯಿ ತಿಂದ ಬೆಳದಾಂವ ನಾನು. ನಾಳೆ ಬ್ಯಾಡಗಿ ರಿಜಿಸ್ಟರ್ ಆಫೀಸಿಗೆ ಬರ್ರಿ, ನಿಮ್ಮ ಹೆಸರಿಗೆ ಮಾಡಿಸ್ತೇನಿ. ಕಾವ್ಯಾ ಮೇಡಂ ಎಲ್ಲಾ ಕಾಗದ ತಯಾರ ಮಾಡ್ಯಾರ."

ಬೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಚಹಾ ಇಡುತ್ತೇನೆಂದು ಒಳಗೆ ಹೋದಳು.

ರೋಹಿಣಿಯ ಎದೆಯಲ್ಲಿ ಮುಳ್ಳು ಇನ್ನೂ ಉಳಿದಿತ್ತು. "ಆಕಿ ಚಪ್ಪಲಿ ಹಾಕ್ಕೊಂಡ ಬಂದ್ರೂ ಯಾಕ ಸುಮ್ಮನಿದ್ದಿ?"

"ಕಣ ನಂದಲ್ಲಂತ ಗೊತ್ತಾದ ಮ್ಯಾಲೆ... ಯಾವ ಬಾಯಿಲೆ ಬೈಲಿ?"

ಅವಳ ಕಣ್ಣು ತಾನೇ ದಪ್ಪಗೆ ಎಳೆದ ಬೂದಿ ಗೆರೆಯ ಮೇಲೆ ಬಿತ್ತು.

"ನಿನಗ ಮೊದಲ ಹೇಳಬೇಕಿತ್ತು," ಅಂದ ಅವನು, ನೆಲ ನೋಡುತ್ತಾ. "ಈ ಸುಗ್ಗ್ಯಾಗ ನಿನ್ನ ಕೇಳಾಕ ಬರಬೇಕಂತ ಮಾಡಿದ್ದೆ. ನಿಮ್ಮ ಕಣ ಕೈಯಾಗ ಇಟ್ಕೊಂಡು ಹೆಂಗ ಕೇಳ್ಲಿ, ರೋಹಿಣಿ? ಕೊಟ್ಟ ಮ್ಯಾಲೆ ಕೇಳೂದು ಅಂತ..."

ಗಾಳಿಗೆ ತಾಡಪತ್ರಿಯ ಅಂಚು ಪಟಪಟಿಸಿತು. ಅವನ ರಾಶಿಯ ಮೇಲೆ ತಾನು ಹೊದಿಸಿದ್ದು.

"ಮತ್ತ ಅಲ್ಲೇ ಯಾಕ ನಿಂತೀದಿ?"

"ಮಾಲಕರು ಕರೀಬೇಕಲ್ಲ."



"ಚಪ್ಪಲಿ ಬಿಟ್ಟು ಬಾ," ಅಂದಳು ರೋಹಿಣಿ ಮೆಲ್ಲಗೆ. "ನಿಮ್ಮ ಮೇಡಂಗೂ ಹೇಳಿ ಇಡು... ನಮ್ಮ ಲಗ್ನಕ್ಕ ಬಂದಾಗ ಆಕಿನೂ ಬಿಟ್ಟ ಬರಬೇಕು."